ಹಾಲು ಮನೆಯ ಅತಿಥಿಗಳು

ಜನವರಿ 6

ತರಲೆಗೆ ಮಾವನ ಆಶೀರ್ವಾದ.

ಈ ಕಾಗದವನ್ನು ನಿಮ್ಮಮ್ಮನಿಗೇ ಬರೆಯಬೇಕಿತ್ತು. ಆದರೆ ಅಕ್ಕನಿಗೆ ಬರೆದದ್ದೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ನನಗೇ ವಾಪಸ್ ಬರುತ್ತದೆ. ಹೋದ ಸಲ ಜ್ವರ ಬಂದಿದೆ ಎಂದು ಬರೆದಿದ್ದೆ. ಒತ್ತಕ್ಷರ ತಿದ್ದಿ, ಅಂಚಿನಲ್ಲಿ "ಬಿಸಿನೀರು ಕುಡಿ" ಎಂದು ಬರೆದು ಕಳಿಸಿದ್ದಳು. ಊರಿಗೆಲ್ಲ ಕನ್ನಡ ಟೀಚರ್ ಆದವಳಿಗೆ ತಮ್ಮನೂ ಒಂದು ಉತ್ತರಪತ್ರಿಕೆ. ಫೋನು ನನಗೆ ಆಗಿಬರುವುದಿಲ್ಲ, ರಿಪೇರಿಗೆಂದು ದಿನವೆಲ್ಲ ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಇರುವವನಿಗೆ ಸಿಗ್ನಲ್ಲೂ ಸಿಗುವುದಿಲ್ಲ, ಮಾತೂ ಸಿಗುವುದಿಲ್ಲ. ಅದಕ್ಕೇ ನಿನಗೆ.

ನಾವು ಸಾಕಿಕೊಳ್ಳಲೆಂದು ಕರೆತಂದ ಪುಟಾಣಿ ಮನೆಗೆ ಬಂದು ಮೂರು ತಿಂಗಳಾಯಿತು. ಏಳು ವರ್ಷದ ಹುಡುಗಿ. ಇನ್ನೂ ತನ್ನ ಬಟ್ಟೆಯನ್ನು ಚೀಲದಿಂದ ತೆಗೆದು ಕಪಾಟಿಗೆ ಇಟ್ಟಿಲ್ಲ. ಚಪ್ಪಲಿ ಹಾಕಿಕೊಂಡೇ ಮಲಗುತ್ತಾಳೆ. ಯಾರಾದರೂ ಬಾಗಿಲು ತಟ್ಟಿದರೆ ತನ್ನನ್ನೇ ಕರೆದೊಯ್ಯಲು ಬಂದರು ಎಂಬಂತೆ ಚೀಲ ಹಿಡಿದು ನಿಲ್ಲುತ್ತಾಳೆ. ನಿನ್ನ ಅತ್ತೆಯನ್ನು ಆಂಟಿ ಎನ್ನುತ್ತಾಳೆ, ಬೇಕು ಬೇಡ ಹೇಳುತ್ತಾಳೆ. ನನ್ನ ಹತ್ತಿರ ಮಾತ್ರ ಒಂದಕ್ಷರ ಮಾತಿಲ್ಲ. ನಾನು ಒಳಗೆ ಬಂದರೆ ಅವಳು ಗೋಡೆಗೆ ಬೆನ್ನು ಕೊಡುತ್ತಾಳೆ. ಏಪ್ರಿಲ್ ತಿಂಗಳಲ್ಲಿ ಮಕ್ಕಳ ಕಚೇರಿಯ ಮೇಡಂ ಬಂದು, ಅವಳೊಬ್ಬಳನ್ನೇ ಕೂರಿಸಿಕೊಂಡು ಇಲ್ಲಿರಲು ಇಷ್ಟವಿದೆಯೇ ಎಂದು ಕೇಳುತ್ತಾರಂತೆ. ಅವಳು ಇಲ್ಲವೆಂದರೆ ಇಲ್ಲ.

ಮೊಲದ ಕಥೆ ಓದಿದೆ, ಮೀನಿನ ಕಥೆ ಓದಿದೆ. ಅವಳು ಬಾಗಿಲನ್ನೇ ನೋಡುತ್ತಿರುತ್ತಾಳೆ. ಹೆದರಿದ ಮಗುವಿಗೆ ಮೊಲ ಯಾವ ಲೆಕ್ಕ? ಆಗ ಒಂದು ಪುಸ್ತಕ ನೆನಪಾಯಿತು. ನನಗೆ ಐದು ವರ್ಷ, ಅಕ್ಕನಿಗೆ ಹತ್ತು. ನಮ್ಮಮ್ಮ ಗಿರಣಿ ಕೆಲಸಕ್ಕೆ ಹೋದರೆ ನಾವಿಬ್ಬರೇ ಆ ಒಂಟಿ ಕೋಣೆಯಲ್ಲಿ. ಹಿಂದೆ ಇದ್ದ ಬಾಡಿಗೆಯವರು ಅಟ್ಟದ ಮೇಲೆ ಬಿಟ್ಟುಹೋದ ದೆವ್ವದ ಕಥೆಗಳ ಸಂಕಲನವೇ ಮನೆಯಲ್ಲಿದ್ದ ಒಂದೇ ಪುಸ್ತಕ. ಅಕ್ಕ ದಿನಾ ಓದುತ್ತಿದ್ದಳು. ದೆವ್ವ, ಕತ್ತಲು, ಬಾಗಿಲು ತಟ್ಟುವವರು ಎಲ್ಲ ಇದ್ದರು, ಆದರೆ ಒಬ್ಬರೂ ಕೆಟ್ಟವರಲ್ಲ. ಆಮೇಲೆ ನಾನು ಯಾವ ಬಾಗಿಲಿಗೂ ಹೆದರಲಿಲ್ಲ. ಮನೆ ಬದಲಿಸುವಾಗ ಪುಸ್ತಕ ಎಲ್ಲೋ ಹೋಯಿತು. ಹೆಸರು "ಹಾಲು ಮನೆಯ ಅತಿಥಿಗಳು".

ನೀನು ಇಂಥ ಪುಸ್ತಕ ಕೂಡಿಹಾಕುತ್ತೀಯಂತಲ್ಲ. ಹುಡುಕಿಕೊಡು. ಇದರಲ್ಲಿ ಮಾತ್ರ ನಿನ್ನ ಆಟ ಬೇಡ.

ಮಾವ

*

ಜನವರಿ 14

ಶ್ರೀಮನ್ಮಹಾಲಿಫ್ಟಾಧಿಪತಿಗಳೂ, ಜನರ ಏರಿಳಿತಗಳಿಗೆಲ್ಲ ಏಕಮಾತ್ರ ಕಾರಣರೂ ಆದ ಮಾವನವರ ಸನ್ನಿಧಾನಕ್ಕೆ, ಬೈಂಡಿಂಗ್ ಅಂಗಡಿಯ ಅಂಟಿನ ಡಬ್ಬಿಯ ಪಕ್ಕದಿಂದ ತರಲೆಯು ಸಲ್ಲಿಸುವ ವಿನಮ್ರ ವರದಿ.

ತಾವು ನನ್ನ ಘನತೆಯ ಮೇಲೆ ಅನುಮಾನ ತೋರಿದ್ದೀರಿ. ನನಗೆ ಗೊತ್ತು, ತಮ್ಮ ಮನಸ್ಸಿನಲ್ಲಿರುವುದು ಆ ಹಳೆಯ ಲಿಫ್ಟ್ ಕೈಪಿಡಿಯ ಪ್ರಕರಣ. ಅದರ ರಟ್ಟಿನೊಳಗೆ ಹೆಣಿಗೆ ಕಲಿಸುವ ಪುಸ್ತಕ ಹೊಲಿದು ಕೊಟ್ಟವಳು ನಾನೇ. ಇಂಜಿನಿಯರ ಮುಂದೆ ತಾವು ಪುಟ ತೆರೆದು "ಎರಡು ಹೊಲಿಗೆ ಬಿಟ್ಟು ಒಂದನ್ನು ಎತ್ತಿಕೊಳ್ಳಿ" ಎಂದು ಗಟ್ಟಿಯಾಗಿ ಓದಿದ್ದು ಇತಿಹಾಸ. ಆದರೆ ಭೂತ ಪ್ರೇತಗಳ ವಿಷಯದಲ್ಲಿ ನಾನು ಪರಮ ಶಿಸ್ತಿನವಳು.

ನನ್ನ ಮಂಚದ ಕೆಳಗೆ ಒಂದು ವೃದ್ಧಾಶ್ರಮವಿದೆ ಮಾವ. ಗ್ರಂಥಾಲಯಗಳು ಬೇಡವೆಂದು ಬಿಸಾಡಿದ ದೆವ್ವಗಳೆಲ್ಲ ಅಲ್ಲಿವೆ. ಬೆನ್ನು ಬಿಟ್ಟವಕ್ಕೆ ಬೆನ್ನು ಹೊಲಿಯುತ್ತೇನೆ, ಗೆದ್ದಲು ಹಿಡಿದವನ್ನು ಬಿಸಿಲಿಗೆ ಕೂರಿಸುತ್ತೇನೆ. ಎಲ್ಲ ಸಂಕಲನಗಳ ಮುಖಪುಟದಲ್ಲೂ ಒಂದೇ ಗೂಬೆ. ಆಗಿನ ಮುದ್ರಣಾಲಯದವರೆಲ್ಲ ಅದೇ ಗೂಬೆಯ ಅಚ್ಚನ್ನು ಕೈಬದಲು ತಂದು ಬಳಸುತ್ತಿದ್ದರೋ ಏನೋ, ಪಾಪದ ಪ್ರಾಣಿ ಕಣ್ಣು ಮುಚ್ಚಲೂ ಪುರಸೊತ್ತಿಲ್ಲದೆ ದುಡಿದಿದೆ. ಎಲ್ಲದರ ಮುನ್ನುಡಿಯಲ್ಲೂ "ದುರ್ಬಲ ಹೃದಯದವರು ಇಲ್ಲಿಗೇ ನಿಲ್ಲಿಸತಕ್ಕದ್ದು" ಎಂಬ ಎಚ್ಚರಿಕೆ. ಆ ಪುಟವೇ ಎಲ್ಲಕ್ಕಿಂತ ಹೆಚ್ಚು ಸವೆದಿರುತ್ತದೆ.

ತಮ್ಮ ಪುಸ್ತಕವನ್ನು ರದ್ದಿ ಅಂಗಡಿಯ ತಾತನ ಬಳಿ ವಿಚಾರಿಸಿದೆ. ಅವರು ಏಣಿ ಹತ್ತಿ, ಸೀನಿ, ಇಳಿದು ಬಂದು "ಹಾಲಿನ ಮನೆ: ಹಸು ಸಾಕಣೆಯ ಸುಲಭ ಪಾಠಗಳು" ಎಂಬ ಗ್ರಂಥವನ್ನು ನನ್ನ ಕೈಗಿಟ್ಟರು. ಕರ್ತವ್ಯವೆಂದು ಪೂರ್ತಿ ಓದಿದೆ. ಕೆಚ್ಚಲು ಬಾವಿನ ಅಧ್ಯಾಯ ನಿಜಕ್ಕೂ ಮೈ ನಡುಗಿಸುತ್ತದೆ. ಆದರೆ ಅದು ತಮಗೆ ಬೇಕಾದದ್ದಲ್ಲ ಎಂದು ತೋರುತ್ತದೆ.

ಅಮ್ಮನನ್ನು ಕೇಳಿದೆ. ಉತ್ತರಪತ್ರಿಕೆಯಿಂದ ತಲೆ ಎತ್ತದೆ, "ಯಾವ ಪುಸ್ತಕಾನೋ, ಯಾರಿಗೆ ನೆನಪಿದೆ" ಎಂದಳು. ನನ್ನ ಒಂದನೇ ತರಗತಿಯ ಕಾಗುಣಿತದ ತಪ್ಪುಗಳನ್ನು ಇವತ್ತಿಗೂ ಬಾಯಿಪಾಠ ಒಪ್ಪಿಸುವ ಹೆಂಗಸಿಗೆ ನೆನಪಿಲ್ಲವಂತೆ.

ತಮಗೆ ಒಳಗಿನ ಒಂದೆರಡು ಸಾಲು ನೆನಪಿದ್ದರೆ ಬರೆಯಿರಿ. ಸಾಲಿನಿಂದ ಕಥೆ ಗುರುತಿಸುವವರು ಇದ್ದಾರೆ. ಪುಟಾಣಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಅವಳು ಸ್ವೀಕರಿಸದಿದ್ದರೆ ಬಾಗಿಲ ಪಕ್ಕ ಇಟ್ಟುಬಿಡಿ, ಬೇಕಾದಾಗ ತೆಗೆದುಕೊಳ್ಳುತ್ತಾಳೆ.

ತಮ್ಮ ಆಜ್ಞಾಧಾರಕಿ,
ತರಲೆ

*

ಜನವರಿ 23

ತರಲೆ,

ಒಂದೆರಡು ಸಾಲಲ್ಲ, ಬೇಕಾದಷ್ಟು ನೆನಪಿದೆ. ಅಕ್ಕನ ಧ್ವನಿಯ ಸಮೇತ.

"ಮಳೆ ನಿಂತ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಕೊಳೆಗಾರ ನಿಂತಿದ್ದ." ಇದು ಮೊದಲ ಕಥೆ. ಕೊಳೆಗಾರ ಮನೆಮನೆಗೆ ಹೋಗುತ್ತಾನೆ, ಅವನನ್ನು ಯಾರೂ ಒಳಗೆ ಬಿಡುವುದಿಲ್ಲ. "ಕೊನೆಗೆ ಒಬ್ಬಳು ಬಾಗಿಲು ತೆರೆದಳು. ಆಮೇಲೆ ನೆಲ ತೊಳೆಯಲು ಎರಡು ಕೊಡ ನೀರು ಬೇಕಾಯಿತು." ಎಷ್ಟು ಕೊಳೆಯಿತ್ತೋ ಪಾಪ. ಅವನಿಗೆ ಯಾರಾದರೂ ಸ್ನಾನ ಮಾಡಿಸಬಾರದೇ ಎಂದು ನಾನು ಅಕ್ಕನನ್ನು ಪೀಡಿಸುತ್ತಿದ್ದೆ.

ಇನ್ನೊಂದರಲ್ಲಿ: "ಆ ಮನೆಯ ತುಂಬ ಮೂಲೆಗಳು. ಒಂದೊಂದು ಮೂಲೆಗೂ ಒಬ್ಬೊಬ್ಬರ ಹೆಸರು." ನಮ್ಮ ಕೋಣೆಯ ಮೂಲೆಗಳಿಗೂ ನಾವು ಹೆಸರಿಟ್ಟಿದ್ದೆವು. ಮತ್ತೆ, "ಮುದುಕಿ ಬಳೆ ಹಿಡಿದು ಕತ್ತಲಲ್ಲಿ ಕಾಯುತ್ತಿದ್ದಳು." ಯಾವಳೋ ಮೊಮ್ಮಗಳಿಗೆ ಎಂದು ನನ್ನ ಊಹೆ. ಕೊನೆಯ ಕಥೆಯ ಕೊನೆಯ ಸಾಲು ಇದು: "ಹೆದರಬೇಡ, ಕತ್ತಲು ನಿನ್ನನ್ನು ಬಳಿಗೆ ಕರೆಯುತ್ತಿದೆ."

ಈ ಸಾಲನ್ನು ಪುಟಾಣಿಗೆ ಓದಬೇಕು ನಾನು. ಬಾಯಲ್ಲಿ ಹೇಳಿದರೆ ಸಾಲದು. ದೊಡ್ಡವರು ಬಾಯಲ್ಲಿ ಏನೇನೋ ಹೇಳುತ್ತಾರೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅಚ್ಚಾಗಿರುವುದನ್ನು ತೋರಿಸಬೇಕು.

ಮಾವ

*

ಫೆಬ್ರವರಿ 20

ಮಾವನವರ ದಿವ್ಯ ಸಮ್ಮುಖಕ್ಕೆ,

ನಗಾರಿ ಬಾರಿಸತಕ್ಕದ್ದು. ಪುಸ್ತಕ ಸಿಕ್ಕಿತು.

ಸಿಕ್ಕ ಸ್ಥಳ, ಹಲ್ಲಿನ ಡಾಕ್ಟರ ಹೊರಕೋಣೆ. ರದ್ದಿ ತಾತನ ದವಡೆ ಊದಿಕೊಂಡು, ಜೊತೆಗೆ ಬಾ ಎಂದು ಎಳೆದುಕೊಂಡು ಹೋಗಿದ್ದರು. ಕಾಯುವವರ ಮೇಜಿನ ಮೇಲೆ ಬಣ್ಣ ಮಾಸಿದ ರಟ್ಟು, ಅದರ ಮೇಲೆ ಒಂದು ಮನೆ, ತೆರೆದ ಬಾಗಿಲು, ಬಾಗಿಲ ಮೇಲೆ ನಮ್ಮದೇ ಗೂಬೆ. ಡಾಕ್ಟರು ಇದನ್ನು ಬೇಕೆಂದೇ ಇಟ್ಟಿದ್ದಾರಂತೆ. ಇದನ್ನು ಎರಡು ಪುಟ ಓದಿ ಒಳಗೆ ಬಂದವರಿಗೆ ಹಲ್ಲು ಕೀಳುವುದು ಏನೂ ಅನ್ನಿಸುವುದಿಲ್ಲವಂತೆ. ಅವರ ಕ್ಲಿನಿಕ್ಕಿನ ಹರಿದ ಪುಸ್ತಕಗಳಿಗೆಲ್ಲ ಹೊಸ ರಟ್ಟು ಹಾಕಿಕೊಡುವ ಒಪ್ಪಂದದ ಮೇಲೆ ಬಿಟ್ಟುಕೊಟ್ಟರು. ತಾತನ ಹಲ್ಲು ಕಿತ್ತರು. ಆ ಕೂಗನ್ನು ಯಾವ ಸಂಕಲನದಲ್ಲೂ ನಾನು ಓದಿಲ್ಲ.

ಈಗ ಒಂದು ಗಂಭೀರ ಆಪಾದನೆ. ಪುಸ್ತಕದ ಹೆಸರು "ಹಾಳು ಮನೆಯ ಅತಿಥಿಗಳು". ಹಾಲು ಅಲ್ಲ, ಹಾಳು. ತಾವು ಲ ಬದಲು ಳ ಹಾಕಬೇಕಾದಲ್ಲಿ ನಾಲಿಗೆ ಮಡಚದ ಕಾರಣ ನಾನು ಹಸುವಿನ ಕೆಚ್ಚಲಿನ ಬಗ್ಗೆ ಒಂದು ಗ್ರಂಥವನ್ನೇ ಓದಬೇಕಾಯಿತು. ಅಮ್ಮನಿಗೆ ತಿಳಿದರೆ ಅರ್ಧ ಅಂಕ ಖಂಡಿತ ಕಳೆಯುತ್ತಾಳೆ, ಆದ್ದರಿಂದ ವಿಷಯ ನಮ್ಮಿಬ್ಬರಲ್ಲೇ ಇರಲಿ.

ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿ, ಭಾರ ಹೇರಿ ಒಣಗಿಸಿ ಕಳಿಸುತ್ತಿದ್ದೇನೆ. ಒಳಗೆ ಒಂದು ಸಾಲೂ ಓದಿಲ್ಲ. ಓದಲು ಕೂತರೆ ಪಾರ್ಸೆಲ್ ಏಪ್ರಿಲ್ ಕೊನೆಗೆ ಹೋಗುತ್ತದೆ, ಮೇಡಂ ಅದಕ್ಕೂ ಮೊದಲೇ ಬಂದುಬಿಡುತ್ತಾರೆ. ಮೊದಲ ಓದು ಪುಟಾಣಿಯದು. ನಾನು ಆಮೇಲೆ.

ಪರಮ ಪ್ರಾಮಾಣಿಕಳಾದ
ತರಲೆ

*

ಮಾರ್ಚ್ 2

ನೀನು ಇಷ್ಟು ಕೆಳಗೆ ಇಳಿಯುತ್ತೀಯ ಎಂದುಕೊಂಡಿರಲಿಲ್ಲ.

ಶನಿವಾರ ಮಧ್ಯಾಹ್ನ ಪುಸ್ತಕ ಬಂತು. ಊಟವನ್ನೂ ಮಾಡದೆ ತೆರೆದೆ. ಅದೇ ರಟ್ಟು, ಅದೇ ಬಾಗಿಲು. ಪುಟಾಣಿ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದಳು. ಇದು ನನ್ನ ಚಿಕ್ಕಂದಿನ ಪುಸ್ತಕ, ಇದರಲ್ಲಿ ಯಾರೂ ಕೆಟ್ಟವರಿಲ್ಲ, ಕೇಳು ಎಂದು ಹೇಳಿ ಗಟ್ಟಿಯಾಗಿ ಓದಲು ಶುರು ಮಾಡಿದೆ. "ಹೊರಗೆ ಕೊಲೆಗಾರ ನಿಂತಿದ್ದ" ಎಂದು ನನ್ನ ಬಾಯಿಂದಲೇ ಬಂತು. ಏನೋ ಅಚ್ಚಿನ ತಪ್ಪು ಎಂದು ಪುಟ ತಿರುಗಿಸಿದೆ. "ಆ ಮನೆಯ ತುಂಬ ಮೂಳೆಗಳು." ಗಾಬರಿಯಲ್ಲಿ ಕೊನೆಯ ಪುಟಕ್ಕೆ ಹೋದೆ. "ಹೆದರಬೇಡ, ಕತ್ತಲು ನಿನ್ನನ್ನು ಬಲಿಗೆ ಕರೆಯುತ್ತಿದೆ." ಅದನ್ನೂ ಓದಿದೆ. ಅಭ್ಯಾಸಬಲ, ಬಾಯಿ ನಿಲ್ಲಲಿಲ್ಲ. ತಲೆ ಎತ್ತಿ ನೋಡಿದರೆ ಹೊಸಿಲಲ್ಲಿ ಯಾರೂ ಇಲ್ಲ. ಚೀಲ ತಬ್ಬಿಕೊಂಡು ಮೇಜಿನ ಕೆಳಗೆ ಕೂತಿದ್ದಾಳೆ. ಸಂಜೆಯವರೆಗೂ ಹೊರಗೆ ಬರಲಿಲ್ಲ. ಈಗ ಆಂಟಿಯ ಹತ್ತಿರವೂ ಮಾತಿಲ್ಲ.

ನಿನ್ನ ಕೈಗೆ ಅಚ್ಚು, ಅಂಟು, ಸೂಜಿ ಎಲ್ಲ ಸಿಗುತ್ತದೆ. ಲಿಫ್ಟ್ ಕೈಪಿಡಿಯಲ್ಲಿ ಹೆಣಿಗೆ ತುಂಬಿದವಳಿಗೆ ಇದೇನು ದೊಡ್ಡದು. ಕೊಳೆಗೆ ಕೊಲೆ, ಬಳಿಗೆ ಬಲಿ, ನಿನಗೆ ನಗು ಬಂದಿರಬೇಕು. ಅಕ್ಕ ತಪ್ಪು ಓದಿದ್ದಳು ಎಂದು ಮಾತ್ರ ಹೇಳಬೇಡ. ಅವಳು ಹುಟ್ಟುವಾಗಲೇ ಅಳುವಿನ ಳ ಸರಿಯಾಗಿ ಉಚ್ಚರಿಸಿದವಳು.

ನಿಜವಾದ ಪುಟಗಳು ಎಲ್ಲಿವೆ? ಕಳಿಸು. ಬೇರೇನೂ ಬರೆಯಬೇಡ.

*

ಮಾರ್ಚ್ 7

ಮಾವ,

ಈ ಸಲ ಪೀಠಿಕೆ ಇಲ್ಲ. ನಾನು ಮಾಡಿಲ್ಲ.

ನಿಜ ಹೇಳಿ ಅಭ್ಯಾಸವಿಲ್ಲದವರಿಗೆ ಅದನ್ನು ಹೇಗೆ ಅಲಂಕಾರ ಮಾಡುವುದೆಂದು ಗೊತ್ತಾಗುವುದಿಲ್ಲ. ಬೆನ್ನು ಬಿಟ್ಟರೆ ಆ ಪುಸ್ತಕದಲ್ಲಿ ನಾನು ಏನನ್ನೂ ಮುಟ್ಟಿಲ್ಲ. ಬೇರೆ ಪುಟಗಳಿಲ್ಲ. ಇದ್ದಿದ್ದರೆ ನಾನೇ ಬಸ್ಸು ಹತ್ತಿ ತಂದುಕೊಡುತ್ತಿದ್ದೆ.

ಪುಟಾಣಿ ಮೇಜಿನ ಕೆಳಗಿದ್ದಾಳೆ ಎಂದು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಅಮ್ಮನನ್ನು ಕೇಳುತ್ತೇನೆ. ಅವಳು ಓದಿದ ಪುಸ್ತಕ, ಅವಳಿಗೇ ಗೊತ್ತಿರಬೇಕು. ಅಲ್ಲಿಯವರೆಗೆ ನನ್ನನ್ನು ಬೈಯಿರಿ, ಪರವಾಗಿಲ್ಲ. ಆದರೆ ಬರೆಯದೆ ಇರಬೇಡಿ.

ತರಲೆ

*

ಮಾರ್ಚ್ 15 (ಬರೆದದ್ದು; ಅಂಚೆಗೆ ಹಾಕಲಿಲ್ಲ)

ಮಾವ,

ನೀವು ಬರೆಯಲಿಲ್ಲ. ನಾನು ಅಮ್ಮನನ್ನು ಕೇಳಿದೆ.

ಮೊದಲ ದಿನ, "ಆಗ ನನಗೂ ಸರಿಯಾಗಿ ಓದಲು ಬರುತ್ತಿರಲಿಲ್ಲ, ಲ-ಳ ತಪ್ಪುತ್ತಿತ್ತು" ಎಂದು ಪಾತ್ರೆ ತೊಳೆಯಲು ಎದ್ದುಹೋದಳು. ನಾನು ನಂಬಿದೆ. ನಂಬಿ ನಕ್ಕೆ ಕೂಡ. ಲ-ಳ ತಪ್ಪಿದರೆ ಮಕ್ಕಳನ್ನು ನಿಲ್ಲಿಸಿ ನಾಲಿಗೆ ಮಡಚಿಸುವ ಟೀಚರ್ ತಾನೇ ತಪ್ಪುತ್ತಿದ್ದಳಂತೆ, ವರ್ಷವಿಡೀ ಆಡಿಕೊಳ್ಳಬಹುದು ಎಂದುಕೊಂಡೆ. ಆಮೇಲೆ ನಿಮ್ಮ ಎರಡು ಕಾಗದಗಳನ್ನು ಅಂಗಡಿಯ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. "ಮಳೆ ನಿಂತ ಮೇಲೆ ಬಾಗಿಲು ತಟ್ಟಿದ ಸದ್ದಾಯಿತು." ಮಳೆ ಸರಿಯಾಗಿದೆ. ಮೇಲೆ ಸರಿಯಾಗಿದೆ. ಬಾಗಿಲು ಸರಿಯಾಗಿದೆ. ನಾಲಿಗೆ ತಪ್ಪುವವಳು ಇಲ್ಲೆಲ್ಲ ತಪ್ಪಬೇಕಿತ್ತು. ತಪ್ಪಿದ್ದು ಒಂದೇ ಕಡೆ, ಕೊಲೆಗಾರನ ಹತ್ತಿರ. ನಿಮಗೆ ಭಯವಾಗುವ ಕಡೆ ಮಾತ್ರ ಅವಳ ನಾಲಿಗೆ ಹೊರಳಿದೆ. ಹಾಳು ಮನೆ ಹಾಲು ಮನೆಯಾಯಿತು. ಮೂಳೆಗಳು ಮೂಲೆಗಳಾದವು. ಮುದುಕಿ ಹಿಡಿದದ್ದೂ ಬಲೆಯೇ ಇರಬೇಕು ಮಾವ, ಬಳೆಯಲ್ಲ.

ನಿನ್ನೆ ಸಂಜೆ ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. ನಾನು ಎದುರಿಗೆ ಕೂತು ಕೊಳೆಗಾರನ ಸಾಲನ್ನು ಗಟ್ಟಿಯಾಗಿ ಹೇಳಿದೆ, ನಿಮ್ಮ ಕಾಗದದಲ್ಲಿ ಇದ್ದ ಹಾಗೇ. ಕೆಂಪು ಪೆನ್ನು ನಿಂತಿತು. ಅದನ್ನು ಕೆಳಗಿಟ್ಟು ಹೇಳಿದಳು.

"ಐದು ವರ್ಷದವನು ಕಣೇ. ಅಮ್ಮ ಬರೋದು ಕತ್ತಲಾದ ಮೇಲೆ. ಚಿಲಕ ಸರಿಯಿಲ್ಲದ ಬಾಗಿಲು. ಕೊಲೆಗಾರ ಬಂದ ಅಂತ ಓದ್ಲಾ?"

ಬೇರೆ ಪುಸ್ತಕ ಇರಲಿಲ್ಲ. ಸುಮ್ಮನೆ ಕಥೆ ಕಟ್ಟಿ ಹೇಳಿದರೆ ನೀವು ಒಪ್ಪುತ್ತಿರಲಿಲ್ಲವಂತೆ, ಪುಸ್ತಕದಲ್ಲಿ ಏನಿದೆಯೋ ಅದನ್ನೇ ಓದು ಎಂದು ಹಟ ಹಿಡಿಯುತ್ತಿದ್ದಿರಂತೆ. ಅದಕ್ಕೆ ಪುಸ್ತಕವನ್ನೇ ಓದಿದಳು, ಒಂದೊಂದು ಅಕ್ಷರ ಮಾತ್ರ ಹೊರಳಿಸಿ. ಮುಂದೆ ನೀವು ಶಾಲೆಗೆ ಸೇರಿ, ಕೊಲೆ ಎಂದು ಬರೆಯಬೇಕಾದ ಕಡೆ ಕೊಳೆ ಎಂದು ಬರೆದು ಏಟು ತಿಂದು ಬಂದಿರಿ. ಆ ದಿನ ನಿಜ ಹೇಳೋಣ ಎಂದುಕೊಂಡಳಂತೆ. ನೀವು "ಮೇಷ್ಟ್ರಿಗೇ ಗೊತ್ತಿಲ್ಲ ಅಲ್ವಾ ಅಕ್ಕಾ?" ಎಂದು ಕೇಳಿದಿರಿ. ಹೌದು, ಅವರಿಗೆ ಗೊತ್ತಿಲ್ಲ ಎಂದುಬಿಟ್ಟಳು.

ನಿಮಗೆ ಬರೆಯಲಾ ಎಂದು ಕೇಳಿದೆ. ಬೇಡ ಎಂದಳು. "ಅವನು ಆ ಮನೇಲೇ ಬೆಳೆದಿದ್ದಾನೆ. ಈಗ ಹೋಗಿ ಅದನ್ನ ಹಾಳು ಮನೆ ಅನ್ಬೇಡ." ಮತ್ತೆ ಉತ್ತರಪತ್ರಿಕೆ ಎತ್ತಿಕೊಂಡಳು. ಯಾವುದೋ ಹುಡುಗ ಳ ಬದಲು ಲ ಬರೆದಿದ್ದ. ಅದಕ್ಕೆ ಅಂಕ ಕಳೆಯದೆ ಪುಟ ತಿರುಗಿಸಿದ್ದನ್ನು ನನ್ನ ಕಣ್ಣಾರೆ ನೋಡಿದೆ ಮಾವ. ನಮ್ಮ ಮನೆಯಲ್ಲಿ ಇಂಥ ಘಟನೆ ಹಿಂದೆಂದೂ ನಡೆದಿಲ್ಲ.

ಇದನ್ನೆಲ್ಲ ನಿಮಗೆ ಹೇಳಿದರೆ ನಾನು ಗೆದ್ದೆ. ನನ್ನ ಹೆಸರಿಗೆ ಅಂಟಿದ್ದು ಹೋಗುತ್ತದೆ. ಆದರೆ ಪುಟಾಣಿ ಇನ್ನೂ ಮೇಜಿನ ಕೆಳಗಿದ್ದರೆ

*

ಮಾರ್ಚ್ 16

ಮಹಾಮಾನ್ಯ ಮಾವನವರ ನ್ಯಾಯಪೀಠಕ್ಕೆ, ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತ ತರಲೆಯು ಸಲ್ಲಿಸುವ ತಪ್ಪೊಪ್ಪಿಗೆ.

ನಾನೇ ಮಾಡಿದ್ದು. ಹಿಂದಿನ ಕಾಗದದಲ್ಲಿ ಇಲ್ಲ ಎಂದದ್ದು ಹಸಿ ಸುಳ್ಳು. ಹಳೆಯ ಅಚ್ಚಿನಮನೆಯಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳ ನೆರವಿನಿಂದ, ಹಳೆಯ ಕಾಗದ ಹೊಂದಿಸಿ, ಲ ಇದ್ದಲ್ಲಿ ಳ, ಳ ಇದ್ದಲ್ಲಿ ಲ ಕೂರಿಸಿ, ಒಂದು ಸಭ್ಯ ಪುಸ್ತಕವನ್ನು ಭೀಕರ ಮಾಡಿದೆ. ಉದ್ದೇಶ, ತಮ್ಮನ್ನು ಒಮ್ಮೆಯಾದರೂ ಹೆದರಿಸುವುದು. ಪುಟಾಣಿಯ ಮುಂದೆ ಓದುತ್ತೀರಿ ಎಂಬುದನ್ನು ಮರೆತದ್ದು ನನ್ನ ಬುದ್ಧಿಗೇಡಿತನ. ಆ ಒಂದು ಮಾತಿಗೆ ಮಾತ್ರ ನಿಜವಾಗಿಯೂ ಕ್ಷಮೆ ಇರಲಿ. ಅವಳ ಹತ್ತಿರ ಕೂಡ ನನ್ನ ಪರವಾಗಿ ಕೇಳಿ.

ನಿಜವಾದ ಪುಟಗಳು ಉಳಿದಿಲ್ಲ. ಆದರೆ ಸರಿಪಡಿಸುವುದು ಸುಲಭ. ತಾವು ಓದುವಾಗ, ಎಲ್ಲಿ ಎದೆ ಝಲ್ಲೆನ್ನುತ್ತದೋ ಅಲ್ಲಿ ಲ-ಳ ತಿರುಗಿಸಿ ಓದಿಕೊಳ್ಳಿ. ಉಳಿದ ಕಡೆ ಇದ್ದ ಹಾಗೇ ಇರಲಿ. ತಮ್ಮ ನೆನಪಿನಲ್ಲಿರುವುದೇ ಸರಿಯಾದ ಪಾಠ. ಹಾಲು ಮನೆ, ಕೊಳೆಗಾರ, ಮೂಲೆಗಳು, ಬಳೆ ಹಿಡಿದ ಮುದುಕಿ. ತಮ್ಮ ಅಕ್ಕ ಓದಿದ್ದೇ ಮೂಲ ಗ್ರಂಥ. ಯಾರು ಏನೇ ಹೇಳಲಿ, ಅಚ್ಚು ಏನೇ ಹೇಳಲಿ.

ಶಿಕ್ಷೆ ಏನು ಕೊಟ್ಟರೂ ತಲೆಬಾಗಿ ಸ್ವೀಕರಿಸುವ
ತರಲೆ

*

ಏಪ್ರಿಲ್ 13

ತರಲೆಗೆ ಮಾವನ ಆಶೀರ್ವಾದ.

ತಪ್ಪೊಪ್ಪಿಗೆ ತಲುಪಿತು. ಸ್ವೀಕರಿಸಿದ್ದೇನೆ. ಅಕ್ಕನಿಗೂ ಹಾಗೆಂದೇ ಹೇಳು. ತರಲೆ ಒಪ್ಪಿಕೊಂಡಳು, ಮಾವ ಪೂರ್ತಿ ನಂಬಿದ, ನಾಲ್ಕು ಬೈದ ಎಂದು ಹೇಳು.

ನಿನಗೊಬ್ಬಳಿಗೆ ಒಂದು ಮಾತು. ಆ ಪುಸ್ತಕದ ಪುಟಗಳನ್ನು ಹಿಡಿದ ಪಿನ್ನುಗಳ ತುಕ್ಕು ಎರಡೂ ಪಕ್ಕದ ಕಾಗದಕ್ಕೆ ಇಳಿದು, ಕಾಗದ ಪುಡಿಯಾಗುತ್ತಿದೆ. ನಾನು ದಿನಾ ತುಕ್ಕು ನೋಡುವವನು. ನೀನು ಎಂಥ ಕಿಲಾಡಿಯಾದರೂ ಆ ತುಕ್ಕು ಬೆಳೆಸಲು ನಿನ್ನ ವಯಸ್ಸು ಸಾಲದು. ಇದರ ಮೇಲೆ ನಾನು ಏನೂ ಕೇಳುವುದಿಲ್ಲ, ನೀನು ಏನೂ ಹೇಳಬೇಡ. ಕೆಲಸದಲ್ಲಿ ಒಂದು ಮಧ್ಯಾಹ್ನ ಲಿಫ್ಟಿನ ಗುಂಡಿಯಲ್ಲಿ ಕೂತು ಅತ್ತುಬಿಟ್ಟೆ. ಸಹಾಯಕ್ಕೆ ಬಂದವನು ಕಣ್ಣಿಗೆ ಧೂಳು ಬಿತ್ತೇ ಎಂದು ಕೇಳಿದ. ಹೌದು ಎಂದೆ.

ನಿನ್ನ ಪಾಠದಂತೆ ಓದಲು ಶುರು ಮಾಡಿದೆ. ಮೇಜಿನ ಪಕ್ಕ ನೆಲದ ಮೇಲೆ ಕೂತು, ಅವಳ ಕಡೆ ನೋಡದೆ, ನನ್ನಷ್ಟಕ್ಕೆ. ಕೊಳೆಗಾರ ಮನೆಮನೆ ತಿರುಗಿದ. ಮರುದಿನ ಮತ್ತೆ ತಿರುಗಿದ. ಮೂರನೆಯ ಸಲ ಓದುವಾಗ ಮೇಜಿನ ಕೆಳಗಿನಿಂದ ಒಂದು ಕೈ ಬಂದು ಪುಟದ ಮೇಲೆ ಬೆರಳಿಟ್ಟಿತು.

"ಇಲ್ಲಿ ಕೊಲೆಗಾರ ಅಂತ ಇದೆ."

ನನಗೆ ಅವಳು ಆಡಿದ ಮೊದಲ ಮಾತು ಅದು. ಅವಳಿಗೆ ಓದು ಬರುತ್ತದೆ ಎಂದು ನಾವ್ಯಾರೂ ಯೋಚಿಸಿಯೇ ಇರಲಿಲ್ಲ. ಸಿಕ್ಕಿಬಿದ್ದೆ. ಏನು ಹೇಳಲಿ? ನನಗೆ ಲ-ಳ ಗೊತ್ತಾಗುವುದಿಲ್ಲ ಎಂದೆ. ಅವಳು ಮುಖ ಹೊರಗೆ ಚಾಚಿ ನನ್ನನ್ನು ಬಹಳ ಹೊತ್ತು ನೋಡಿದಳು. ಸುಳ್ಳೋ ನಿಜವೋ ಅಳೆದಳು ಎಂದು ಕಾಣುತ್ತದೆ. ಸುಳ್ಳು ಎಂದು ತಿಳಿದೇ ಇರಬೇಕು, ಏಕೆಂದರೆ ಆಮೇಲೆ ಅವಳು ಹೇಳಿದ್ದು, "ಪರವಾಗಿಲ್ಲ. ಹಾಗೇ ಓದಿ."

ಅಂದಿನಿಂದ ಹಾಗೇ ಓದುತ್ತಿದ್ದೇನೆ. ಕೆಲವು ಸಲ ಅವಳೇ ಓದುತ್ತಾಳೆ, ನನ್ನ ಥರವೇ, ನನಗಿಂತ ಜೋರಾಗಿ. ಒಂದು ಸಂಜೆ ನಾನು ಮೋಟಾರು ಬಿಚ್ಚಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಬಾಗಿಲು ತಟ್ಟಿದೆ. ತೆರೆದವಳು ಅವಳು. ಚೀಲ ಕೈಯಲ್ಲಿ ಇರಲಿಲ್ಲ. ಮೇಲಿಂದ ಕೆಳಗೆ ನನ್ನನ್ನು ನೋಡಿ, ಒಳಗೆ ತಿರುಗಿ ಕೂಗಿದಳು, "ಆಂಟೀ, ಕೊಳೆಗಾರ ಬಂದ." ಅದೇ ನನ್ನ ಹೆಸರಾಯಿತು.

ಮೊನ್ನೆ ಶುಕ್ರವಾರ ಮೇಡಂ ಬಂದರು. ನಾನು ಕೆಲಸದಿಂದ ನೇರ ಓಡಿಬಂದಿದ್ದೆ. ಅವಳನ್ನು ಒಳಕೋಣೆಯಲ್ಲಿ ಕೂರಿಸಿಕೊಂಡು ಬಾಗಿಲು ಹಾಕಿಕೊಂಡರು. ನಿನ್ನ ಅತ್ತೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೇಡಂ ಹೊರಗೆ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. ದನಿ ತಗ್ಗಿಸಿ ಕೇಳಿದರು.

"ಮನೆಯಲ್ಲಿ ಯಾರ್ಯಾರು ಇದ್ದಾರೆ ಅಂತ ಕೇಳಿದೆ. ಆಂಟಿ ಇದ್ದಾರೆ, ಒಬ್ಬ ಕೊಲೆಗಾರ ಇದ್ದಾನೆ ಅಂತಾಳಲ್ಲ. ಏನಿದು?"

ನನ್ನ ಹಣೆಬರಹಕ್ಕೆ ಕೈಗಳೂ ಕಪ್ಪಗೆ ಹಾಗೇ ಇದ್ದವು. ಅಷ್ಟರಲ್ಲಿ ಪುಟಾಣಿ ಅವರ ಹಿಂದೆಯೇ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಥೇಟ್ ನಿಮ್ಮಮ್ಮ.

"ಕೊಲೆ ಅಲ್ಲ ಮೇಡಂ, ಕೊಳೆ. ನಾಲಿಗೆ ಮಡಚಿ ಹೇಳಿ."

ಮೇಡಂ ನನ್ನನ್ನು ನೋಡಿದರು, ಅವಳನ್ನು ನೋಡಿದರು, ನನ್ನ ಕೈ ನೋಡಿದರು. ಆಮೇಲೆ ನಿಧಾನವಾಗಿ ನಾಲಿಗೆ ಮಡಚಿ ಕೊಳೆ ಎಂದರು. ಇನ್ನೊಂದು ಸಲ ಎಂದಳು ಇವಳು. ಅವರು ಇನ್ನೊಂದು ಸಲ ಹೇಳಿದರು. ಹೇಳಿ, ನಗು ತಡೆದುಕೊಂಡು, ಒಬ್ಬಳನ್ನೇ ಕೇಳಬೇಕಾದ ಪ್ರಶ್ನೆಯನ್ನು ನಮ್ಮೆಲ್ಲರ ಎದುರಿಗೇ ಕೇಳಿಬಿಟ್ಟರು. ಇಲ್ಲೇ ಇರ್ತೀಯಾ?

ನಿನ್ನ ಅತ್ತೆ ನಲ್ಲಿ ನಿಲ್ಲಿಸಿದಳು. ಪುಟಾಣಿ ಏನೋ ಲೆಕ್ಕ ಹಾಕುವವಳಂತೆ ನನ್ನ ಕಡೆ ನೋಡಿದಳು.

"ಹೂಂ. ಇವನಿಗೆ ಸರಿಯಾಗಿ ಕೈ ತೊಳೆಯೋಕೂ ಬರಲ್ಲ."

ಇವನಿಗೆ ಅಲ್ಲ, ಇವರಿಗೆ ಅನ್ನಬೇಕು ಎಂದು ತಿದ್ದಲು ನಿನ್ನ ಅತ್ತೆ ಬಾಯಿ ತೆರೆದಳು. ಬೇಡ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

ಮಾವ